ಕೆರಿಬಿಯನ್ ಕ್ರೂಸ್ ನಡುವೆ ಸ್ವಂತವಾಗಿ ಡೈವಿಂಗ್: ನಿಮ್ಮ ನಾಲ್ಕು ಬಂದರುಗಳ ಲೆಕ್ಕ

ನಮಸ್ಕಾರ ಸರ್. ನೀವು ಬರೆದದ್ದನ್ನು ಮೊದಲು ಒಮ್ಮೆ ಜೋಡಿಸಿಕೊಳ್ಳುತ್ತೇನೆ. ಏಪ್ರಿಲ್‌ನಲ್ಲಿ ಮಯಾಮಿಯಿಂದ ಏಳು ರಾತ್ರಿಯ ಕ್ರೂಸ್. ಮಂಗಳವಾರ ಮೆಕ್ಸಿಕೊದ ಕೊಝುಮೆಲ್, ಬುಧವಾರ ಬೆಲೀಜ್, ಗುರುವಾರ ಹೊಂಡುರಾಸ್‌ನ ರೊಆಟಾನ್, ಶುಕ್ರವಾರ ಗ್ರ್ಯಾಂಡ್ ಕೇಮನ್. ಶನಿವಾರ ಪೂರ್ತಿ ಸಮುದ್ರದಲ್ಲಿ, ಭಾನುವಾರ ಬೆಳಿಗ್ಗೆ ಮಯಾಮಿಗೆ ವಾಪಸ್, ಮಧ್ಯಾಹ್ನ ಶಿಕಾಗೋಗೆ ವಿಮಾನ. ನೀವು ಅಂಡಮಾನಿನ ಹ್ಯಾವ್‌ಲಾಕ್‌ನಲ್ಲಿ ಓಪನ್ ವಾಟರ್ ಕೋರ್ಸ್, ಅಂದರೆ ಡೈವಿಂಗ್‌ನ ಮೊದಲ ಹಂತದ ಕೋರ್ಸ್ ಮುಗಿಸಿದ್ದೀರಿ, ಆಮೇಲೆ ನೀರಿಗಿಳಿದು ಎರಡು ವರ್ಷ ಆಗಿದೆ. ನಿಮ್ಮ ಮನೆಯವರು ಮುರುಡೇಶ್ವರದಿಂದ ನೇತ್ರಾಣಿ ದ್ವೀಪಕ್ಕೆ ಹೋಗಿ ಒಂದು ಡೈವ್ ಮಾಡಿದ್ದಾರೆ. ಹಡಗಿನವರ ಟೂರ್ ಬಿಟ್ಟು ನಾವೇ ಬುಕ್ ಮಾಡಬಹುದಾ, ನಾಲ್ಕೂ ಕಡೆ ಮಾಡಬಹುದಾ ಅಂತ ಪ್ರಶ್ನೆ.

ಮಾಡಬಹುದು. ಆದರೆ ನಾಲ್ಕೂ ಕಡೆ ಬೇಡ. ಕೊಝುಮೆಲ್ ಮತ್ತು ರೊಆಟಾನ್‌ನಲ್ಲಿ ಸ್ವಂತವಾಗಿ ದೋಣಿ ಬುಕ್ ಮಾಡಿ. ಕೇಮನ್‌ನಲ್ಲಿ ದೋಣಿಯ ಗೊಡವೆಯೇ ಬೇಡ, ದಡದಿಂದ ಇಳಿಯಿರಿ. ಬೆಲೀಜ್‌ನಲ್ಲಿ ಹಡಗಿನವರ ಟೂರ್ ತೆಗೆದುಕೊಳ್ಳಿ, ಇಲ್ಲವೇ ಆ ದಿನ ಡೈವ್ ಬಿಟ್ಟುಬಿಡಿ. ಬಂದರನ್ನು ಆರಿಸುವಾಗ ಎಲ್ಲಿ ಹವಳ ಚೆನ್ನಾಗಿದೆ ಅಂತ ನೋಡಬೇಡಿ, ಎಲ್ಲ ಕಡೆಯೂ ಚೆನ್ನಾಗಿಯೇ ಇದೆ. ಎಲ್ಲಿ ಸಮಯ ಸಾಕಾಗುತ್ತದೆ ಅಂತ ನೋಡಿ.

ಹಡಗಿನವರೇ ಮಾರುವ ಟೂರ್ ತಡವಾದರೆ ಹಡಗು ಕಾಯುತ್ತದೆ. ನೀವೇ ಬುಕ್ ಮಾಡಿದ್ದು ತಡವಾದರೆ ಕಾಯುವುದಿಲ್ಲ. ಮುಂದಿನ ಬಂದರಿಗೆ ನಿಮ್ಮ ಖರ್ಚಿನಲ್ಲಿ ನೀವೇ ಹೋಗಿ ಸೇರಿಕೊಳ್ಳಬೇಕು. ಇದನ್ನು ಕೇಳಿಯೇ ಜನ ಹೆದರುತ್ತಾರೆ. ಲೆಕ್ಕ ಸರಿಯಾಗಿ ಹಾಕಿದವರು ಹೆದರಬೇಕಾಗಿಲ್ಲ. ಸ್ವಂತವಾಗಿ ಬುಕ್ ಮಾಡಿದರೆ ಸಿಗುವ ದೊಡ್ಡ ಲಾಭ ದುಡ್ಡಲ್ಲ. ಒಬ್ಬ ಗೈಡ್ ಜೊತೆ ಕಡಿಮೆ ಜನ ಇರುತ್ತಾರೆ, ನಿಮ್ಮ ಅನುಭವಕ್ಕೆ ತಕ್ಕ ಜಾಗಕ್ಕೆ ಕರೆದೊಯ್ಯುತ್ತಾರೆ. ಹಡಗಿನ ಗುಂಪಿನಲ್ಲಿ ಒಬ್ಬರ ಗಾಳಿ ಬೇಗ ಖಾಲಿಯಾದರೆ ಎಷ್ಟೋ ಸಲ ಎಲ್ಲರೂ ಮೇಲೆ ಬರಬೇಕಾಗುತ್ತದೆ.

ಈಗ ಗಡಿಯಾರದ ವಿಷಯ. ಇದನ್ನು ಸ್ವಲ್ಪ ನಿಧಾನವಾಗಿ ಓದಿ. ಏಪ್ರಿಲ್‌ನಲ್ಲಿ ಮಯಾಮಿಯಲ್ಲಿ ಬೇಸಿಗೆ ಸಮಯ ಇರುತ್ತದೆ, ಅಂದರೆ ಗಡಿಯಾರ ಒಂದು ಗಂಟೆ ಮುಂದೆ. ಕೊಝುಮೆಲ್ ಇರುವ ಕಿಂಟಾನಾ ರೂ ರಾಜ್ಯದಲ್ಲಿ 2015ರಿಂದ ವರ್ಷಪೂರ್ತಿ ಒಂದೇ ಸಮಯ. ಕೇಮನ್‌ನಲ್ಲೂ ಗಡಿಯಾರ ಬದಲಾಯಿಸುವುದಿಲ್ಲ. ಹಾಗಾಗಿ ಇವೆರಡೂ ಮಯಾಮಿಗಿಂತ ಒಂದು ಗಂಟೆ ಹಿಂದೆ. ಬೆಲೀಜ್ ಮತ್ತು ರೊಆಟಾನ್ ಎರಡು ಗಂಟೆ ಹಿಂದೆ. ಕೆಲವು ಹಡಗುಗಳು ಮಯಾಮಿ ಸಮಯವನ್ನೇ ಕೊನೆತನಕ ಇಟ್ಟುಕೊಳ್ಳುತ್ತವೆ, ಕೆಲವು ಬಂದರಿನ ಸಮಯಕ್ಕೆ ಬದಲಾಯಿಸುತ್ತವೆ. ನಿಮ್ಮ ಹಡಗು ಏನು ಮಾಡುತ್ತದೆ ಅಂತ ಬುಕ್ ಮಾಡುವ ಮೊದಲೇ ಕೇಳಿ ತಿಳಿದುಕೊಳ್ಳಿ. ದಡಕ್ಕೆ ಇಳಿದ ಕೂಡಲೇ ನಿಮ್ಮ ಫೋನ್ ತಾನೇ ಸ್ಥಳೀಯ ಸಮಯ ತೋರಿಸಲು ಶುರುಮಾಡುತ್ತದೆ. ರೊಆಟಾನ್‌ನಲ್ಲಿ ಫೋನ್ ಒಂದೂವರೆ ಅನ್ನುವಾಗ ಹಡಗಿನಲ್ಲಿ ಮೂರೂವರೆ ಆಗಿರಬಹುದು. ಆದ್ದರಿಂದ ಕೈಗೆ ಒಂದು ಸಾದಾ ವಾಚ್ ಕಟ್ಟಿಕೊಂಡು, ಅದರಲ್ಲಿ ಹಡಗಿನ ಸಮಯವನ್ನೇ ಇಟ್ಟುಕೊಳ್ಳಿ. ಡೈವ್ ಶಾಪ್‌ಗೆ ಬರೆಯುವಾಗ ಎರಡೂ ಸಮಯ ಬರೆಯಿರಿ: "ಹಡಗಿನ ಸಮಯ 9, ನಿಮ್ಮ ಸಮಯ 8" ಅಂತ.

ಒಂದು ಉದಾಹರಣೆ ಕೊಡುತ್ತೇನೆ. ಕೊಝುಮೆಲ್‌ಗೆ ಹಡಗು 8ಕ್ಕೆ ಬಂದು 4ಕ್ಕೆ ಹೊರಡುತ್ತದೆ ಅಂದುಕೊಳ್ಳಿ. ಹೊರಡುವ ಅರ್ಧ ಗಂಟೆ ಮೊದಲು, ಅಂದರೆ 3:30ಕ್ಕೆ ಎಲ್ಲರೂ ಒಳಗಿರಬೇಕು. ಬೆಳಿಗ್ಗೆ ಇಳಿಯಲು ಬಿಡುವುದೇ 8:30 ಆಗಬಹುದು. 9ಕ್ಕೆ ದೋಣಿ ಹತ್ತಿದರೆ ಎರಡು ಡೈವ್, ನಡುವೆ ಒಂದು ಗಂಟೆ ವಿರಾಮ, ಹೋಗಿ ಬರುವ ದಾರಿ, ಎಲ್ಲ ಸೇರಿ ನಾಲ್ಕೂವರೆ ಗಂಟೆ. 1:30ಕ್ಕೆ ದಡದಲ್ಲಿರುತ್ತೀರಿ. ಎರಡು ಗಂಟೆ ಕೈಯಲ್ಲಿ ಉಳಿಯುತ್ತದೆ. ನನ್ನ ಮಟ್ಟಿಗೆ ಎರಡು ಗಂಟೆಗಿಂತ ಕಡಿಮೆ ಉಳಿಯುವ ಯಾವ ಪ್ಲಾನನ್ನೂ ಒಪ್ಪಿಕೊಳ್ಳಬೇಡಿ. ಅಷ್ಟು ಉಳಿಯದಿದ್ದರೆ ಒಂದೇ ಡೈವ್ ಮಾಡಿ ಬನ್ನಿ.

ಕೊಝುಮೆಲ್‌ನಲ್ಲಿ ಹಡಗು ಕಟ್ಟುವ ಪಿಯರ್ ಮೂರಿವೆ. ಪುಂಟಾ ಲಂಗೋಸ್ಟಾ ಊರಿನ ನಡುವೆ ಇದೆ, ಇಂಟರ್‌ನ್ಯಾಷನಲ್ ಪಿಯರ್ ಮತ್ತು ಪ್ಯುಎರ್ಟಾ ಮಾಯಾ ದಕ್ಷಿಣಕ್ಕಿವೆ. ನಿಮ್ಮ ಹಡಗು ಯಾವುದಕ್ಕೆ ಬರುತ್ತದೆ ಅಂತ ಶಾಪ್‌ನವರಿಗೆ ತಿಳಿಸಿ, ದೋಣಿ ಎಲ್ಲಿ ಹತ್ತಿಸಿಕೊಳ್ಳುತ್ತಾರೆ ಅಂತ ಖಚಿತ ಮಾಡಿಕೊಳ್ಳಿ. ಒಳ್ಳೆಯ ಹವಳವೆಲ್ಲ ದ್ವೀಪದ ನೈಋತ್ಯ ಭಾಗದಲ್ಲಿ: ಪಲಂಕಾರ್, ಕೊಲಂಬಿಯಾ, ಸಾಂಟಾ ರೋಸಾ ವಾಲ್. ಅಲ್ಲಿ ಡೈವ್ ಅಂದರೆ ಡ್ರಿಫ್ಟ್ ಡೈವ್. ನೀರಿನ ಸೆಳೆತವೇ ನಿಮ್ಮನ್ನು ಒಯ್ಯುತ್ತದೆ, ದೋಣಿ ಮೇಲಿಂದ ಹಿಂಬಾಲಿಸುತ್ತದೆ. ಹ್ಯಾವ್‌ಲಾಕ್‌ನಲ್ಲಿ ಕಲಿತವರಿಗೆ ಇದು ಹೊಸದಾಗಿರಬಹುದು. ಸೆಳೆತದ ವಿರುದ್ಧ ಈಜಬೇಡಿ, ಗೈಡ್‌ಗಿಂತ ಕೆಳಗೆ ಇಳಿಯಬೇಡಿ, ಮೇಲೆ ಬರುವಾಗ ಗುಂಪಿನ ಜೊತೆಯೇ ಬನ್ನಿ. ಎರಡು ವರ್ಷದ ಗ್ಯಾಪ್ ಆಗಿರುವುದರಿಂದ ಸಾಂಟಾ ರೋಸಾ ಬೇಡ, ಪಲಂಕಾರ್ ಗಾರ್ಡನ್ಸ್ ಆಮೇಲೆ ಪ್ಯಾರಡೈಸ್ ರೀಫ್ ಸಾಕು ಅಂತ ಮೊದಲೇ ಹೇಳಿ. ಪ್ಯಾರಡೈಸ್ ರೀಫ್ ಆಳ ಇಲ್ಲ, ಆದರೆ ಸ್ಪ್ಲೆಂಡಿಡ್ ಟೋಡ್‌ಫಿಶ್ ಕಾಣುವ ಅವಕಾಶ ಇದೆ. ಕೊಝುಮೆಲ್‌ಗೆ ಹೆಸರಾದ ಮೀನು ಅದು, ಹಳದಿ ಅಂಚಿನ ರೆಕ್ಕೆ, ಬಂಡೆ ಸಂದಿಯಲ್ಲಿ ಅಡಗಿ ಕೂತಿರುತ್ತದೆ. ಗೈಡ್‌ಗೆ ಕೇಳಿದರೆ ಖುಷಿಯಿಂದ ಹುಡುಕಿ ತೋರಿಸುತ್ತಾರೆ. 1996ರಿಂದ ಈ ಹವಳದ ಪ್ರದೇಶ ರಾಷ್ಟ್ರೀಯ ಉದ್ಯಾನ. ಕೈಗವಸು, ಚಾಕು ಎರಡಕ್ಕೂ ನಿಷೇಧ, ಸನ್‌ಸ್ಕ್ರೀನ್ ಕೂಡ ಹಚ್ಚುವಂತಿಲ್ಲ. ತೋಳು ಮುಚ್ಚುವ ರಾಶ್‌ಗಾರ್ಡ್, ಅಂದರೆ ನೀರಿನಲ್ಲಿ ಹಾಕುವ ಬಿಗಿ ಅಂಗಿ ಒಯ್ಯಿರಿ. ಪಾರ್ಕ್ ಶುಲ್ಕ ಬೇರೆ ಇರುತ್ತದೆ, ಚಿಲ್ಲರೆ ಡಾಲರ್ ಇಟ್ಟುಕೊಳ್ಳಿ.

ಬೆಲೀಜ್ ಯಾಕೆ ಬೇಡ ಅಂದರೆ, ಅಲ್ಲಿ ಹಡಗು ದೂರದಲ್ಲೇ ಲಂಗರು ಹಾಕುತ್ತದೆ. ಟೆಂಡರ್ ದೋಣಿಯಲ್ಲಿ ದಡಕ್ಕೆ ಬರಲೇ ಇಪ್ಪತ್ತು ನಿಮಿಷ ಬೇಕು, ಸರದಿ ಕಾಯುವುದು ಬೇರೆ. ನೀವು ಕೇಳಿದ ಗ್ರೇಟ್ ಬ್ಲೂ ಹೋಲ್, ಅಂದರೆ ಸಮುದ್ರದೊಳಗಿನ ದೊಡ್ಡ ದುಂಡು ಗುಂಡಿ, ಅಲ್ಲಿಂದ ಸುಮಾರು 70 ಕಿಲೋಮೀಟರ್. 1971ರಲ್ಲಿ ಫ್ರಾನ್ಸಿನ ಸಮುದ್ರ ಅನ್ವೇಷಕ ಜಾಕ್ ಕೂಸ್ತೋ ಹೋಗಿ ಬಂದ ಮೇಲೆ ಪ್ರಪಂಚಕ್ಕೆಲ್ಲ ಗೊತ್ತಾದ ಜಾಗ ಅದು. ನೋಡಬೇಕು ಅನ್ನಿಸುವುದು ಸಹಜ. ಆದರೆ ಅಲ್ಲಿ ನೋಡಬೇಕಾದ್ದು ಸುಣ್ಣದ ಕಲ್ಲಿನ ಜೋಲುಗಂಬಗಳು, ಅವು ಇರುವುದು ಸುಮಾರು 40 ಮೀಟರ್ ಆಳದಲ್ಲಿ. ನಿಮ್ಮ ಓಪನ್ ವಾಟರ್ ಕಾರ್ಡಿನ ಮಿತಿ 18 ಮೀಟರ್. ಸಮಯವೂ ಆಗುವುದಿಲ್ಲ, ಆಳವೂ ಆಗುವುದಿಲ್ಲ. ಅದಕ್ಕೆಂದೇ ಇನ್ನೊಮ್ಮೆ ಬೆಲೀಜ್‌ಗೆ ಹೋಗಿ ಉಳಿಯಿರಿ.

ರೊಆಟಾನ್ ನನಗೆ ಬಹಳ ಇಷ್ಟದ ದ್ವೀಪ. ಆಸ್ಟ್ರೇಲಿಯಾದ್ದನ್ನು ಬಿಟ್ಟರೆ ಪ್ರಪಂಚದ ಅತಿ ಉದ್ದದ ಹವಳದ ಸಾಲು ಈ ಮೆಸೊಅಮೆರಿಕನ್ ರೀಫ್. ರೊಆಟಾನ್‌ನಲ್ಲಿ ಅದು ದಡಕ್ಕೆ ತೀರಾ ಹತ್ತಿರ ಬರುತ್ತದೆ. ದೋಣಿ ಹತ್ತಿ ಕೆಲವೇ ನಿಮಿಷದಲ್ಲಿ ಡೈವ್ ಜಾಗ. ಸಮಯ ಕಡಿಮೆ ಇರುವವರಿಗೆ ಇದಕ್ಕಿಂತ ಒಳ್ಳೆಯದು ಇಲ್ಲ. ಡೈವ್ ಶಾಪ್‌ಗಳು ಹೆಚ್ಚಾಗಿ ವೆಸ್ಟ್ ಎಂಡ್, ವೆಸ್ಟ್ ಬೇ ಕಡೆ. ಹಡಗು ಕಾಕ್ಸನ್ ಹೋಲ್‌ಗೆ ಬಂದರೆ ಅಲ್ಲಿಗೆ ಹತ್ತಿರ, ಮಹಾಗನಿ ಬೇಗೆ ಬಂದರೆ ಇನ್ನೂ ಸ್ವಲ್ಪ ದೂರ. ಕರೆದುಕೊಂಡು ಹೋಗಿ ವಾಪಸ್ ಬಿಡುವ ವ್ಯವಸ್ಥೆ ಇರುವ ಶಾಪ್‌ನವರನ್ನೇ ಆರಿಸಿ. ಟ್ಯಾಕ್ಸಿಯಾದರೆ ಹತ್ತುವ ಮೊದಲೇ ರೇಟ್ ಮಾತಾಡಿಕೊಳ್ಳಿ, ಹೋಗಿಬರುವುದಕ್ಕೆ ಸೇರಿಸಿ.

ಕೇಮನ್‌ನಲ್ಲೂ ಹಡಗು ಕಟ್ಟುವ ಪಿಯರ್ ಇಲ್ಲ, ಟೆಂಡರ್ ದೋಣಿಯೇ ಗತಿ. ನಾಲ್ಕೈದು ಹಡಗು ಒಟ್ಟಿಗೆ ಬಂದ ದಿನ ಇಳಿಯುವುದು ತಡವಾಗಬಹುದು, ಬೆಳಗಿನ ಡೈವ್ ದೋಣಿ ನಿಮಗಾಗಿ ಕಾಯದಿರಬಹುದು. ಆದರೆ ಜಾರ್ಜ್ ಟೌನ್‌ನಲ್ಲಿ ಇಳಿದು ದಕ್ಷಿಣಕ್ಕೆ ಸ್ವಲ್ಪ ನಡೆದರೆ ಈಡನ್ ರಾಕ್, ಡೆವಿಲ್ಸ್ ಗ್ರೊಟ್ಟೊ ಎಂಬ ಎರಡು ಜಾಗ ಸಿಗುತ್ತವೆ. ಮೆಟ್ಟಿಲಿಂದ ನೀರಿಗಿಳಿದು ಈಜಿ ಹೋಗುವುದು, ಅಷ್ಟೇ. ಹವಳದ ನಡುವೆ ಸುರಂಗದಂಥ ದಾರಿಗಳು, ಬೆಳ್ಳಿ ತಗಡಿನಂತೆ ಹೊಳೆಯುವ ದೊಡ್ಡ ಟಾರ್ಪನ್ ಮೀನುಗಳು. ಮೊದಲ ಸಲಕ್ಕೆ ಗೈಡ್ ಜೊತೆ ಹೋಗಿ, ಸುರಂಗಗಳಲ್ಲಿ ದಾರಿ ತಪ್ಪುವುದು ಸುಲಭ. ಒಂದು ಗಂಟೆ ತಡವಾಗಿ ಇಳಿದರೂ ಇಲ್ಲಿ ನಷ್ಟ ಇಲ್ಲ. ಕಿಟ್ಟಿವೇಕ್ ಹಡಗು ನೋಡುವ ಆಸೆ ಅಂತಲೂ ಬರೆದಿದ್ದೀರಿ. 2011ರ ಜನವರಿಯಲ್ಲಿ ಬೇಕಂತಲೇ ಮುಳುಗಿಸಿದ ಅಮೆರಿಕ ನೌಕಾಪಡೆಯ ಹಡಗು ಅದು, 2017ರ ಬಿರುಗಾಳಿಯಲ್ಲಿ ಒಂದು ಮಗ್ಗುಲಿಗೆ ವಾಲಿದೆ. ಅದಕ್ಕೆ ದೋಣಿ ಬೇಕು. ನಿಮ್ಮ ಹಡಗು ಬೆಳಿಗ್ಗೆ 7ಕ್ಕೇ ಬರುವುದಾದರೆ ಮಾತ್ರ ಯೋಚಿಸಿ. ಗಾಳಿ ಜಾಸ್ತಿ ಇದ್ದರೆ ಹಡಗು ದಕ್ಷಿಣದ ಸ್ಪಾಟ್ಸ್ ಹತ್ತಿರ ಇಳಿಸುತ್ತದೆ, ಅದೂ ಆಗದಿದ್ದರೆ ಬಂದರನ್ನೇ ಬಿಟ್ಟು ಮುಂದೆ ಹೋಗುತ್ತದೆ. ಆದ್ದರಿಂದ ದುಡ್ಡು ಕೊಡುವ ಮೊದಲು ಎಲ್ಲ ಶಾಪ್‌ನವರಿಗೂ ಒಂದು ಪ್ರಶ್ನೆ ಕೇಳಿ: ಹಡಗೇ ಬರದಿದ್ದರೆ ಪೂರ್ತಿ ಹಣ ವಾಪಸ್ಸಾ? ಕ್ರೂಸ್ ಜನರ ಜೊತೆ ಕೆಲಸ ಮಾಡಿ ಅಭ್ಯಾಸ ಇರುವವರು ತಕ್ಷಣ ಹೌದು ಅನ್ನುತ್ತಾರೆ. ಉತ್ತರ ಸುತ್ತಿ ಬಳಸಿ ಬಂದರೆ ಬೇರೆಯವರನ್ನು ನೋಡಿ. ಉತ್ತರ ಇಮೇಲ್‌ನಲ್ಲೇ ಇರಲಿ.

ಮನೆಯವರ ವಿಷಯ. ನೇತ್ರಾಣಿಯಲ್ಲಿ ಮಾಡಿದ್ದು ಟ್ರೈ ಡೈವ್, ಅಂದರೆ ಕೋರ್ಸ್ ಇಲ್ಲದೆ ಇನ್‌ಸ್ಟ್ರಕ್ಟರ್ ಜೊತೆ ರುಚಿ ನೋಡುವ ಡೈವ್. ಅಲ್ಲಿ ಕೊಡುವ ಸರ್ಟಿಫಿಕೇಟ್ ನೆನಪಿಗೆ ಮಾತ್ರ, ಅದನ್ನು ತೋರಿಸಿದರೆ ಸರ್ಟಿಫೈಡ್ ಡೈವರ್‌ಗಳ ದೋಣಿಗೆ ಸೇರಿಸುವುದಿಲ್ಲ. ಅವರಿಗೆ ನಿಜವಾಗಿ ಆಸೆ ಇದ್ದರೆ ಈಗಿನಿಂದಲೇ ಶಿಕಾಗೋದಲ್ಲಿ ಪಾಠ ಮತ್ತು ಪೂಲ್ ಭಾಗ ಮುಗಿಸಬಹುದು. ಉಳಿದ ನಾಲ್ಕು ಸಮುದ್ರದ ಡೈವ್‌ಗಳನ್ನು ಕ್ರೂಸ್ ಬಂದರುಗಳಲ್ಲಿ ತುರುಕಬೇಡಿ. ಗಡಿಯಾರ ನೋಡಿಕೊಂಡು ಕಲಿಯುವ ವಿದ್ಯೆ ಅಲ್ಲ ಇದು. ಮೊದಲೇ ಫ್ಲೋರಿಡಾದಲ್ಲಿ ಒಂದು ವಾರಾಂತ್ಯ ಇಟ್ಟುಕೊಳ್ಳಿ. ಅದು ಆಗದಿದ್ದರೆ ಕೇಮನ್‌ನಲ್ಲಿ ಇನ್‌ಸ್ಟ್ರಕ್ಟರ್ ಜೊತೆ ಇನ್ನೊಂದು ಟ್ರೈ ಡೈವ್ ಮಾಡಲಿ. 12 ಮೀಟರ್ ಮಿತಿ, ತಿಳಿ ನೀರು, ಬಹಳ ಸಂತೋಷಪಡುತ್ತಾರೆ. ನೀವು ಕೂಡ ಹೊರಡುವ ಮೊದಲು ಊರಿನ ಪೂಲ್‌ನಲ್ಲಿ ಒಂದು ರಿಫ್ರೆಶರ್ ಮಾಡಿಕೊಳ್ಳಿ. ಕೊಝುಮೆಲ್ ಸೆಳೆತದಲ್ಲಿ ಮಾಸ್ಕ್ ನೀರು ತೆಗೆಯುವುದನ್ನು ನೆನಪಿಸಿಕೊಳ್ಳುತ್ತಾ ಕೂರುವುದು ಬೇಡ.

ಕಾಗದ ಪತ್ರಗಳಲ್ಲಿ ಜನ ಮರೆಯುವುದು ಆರೋಗ್ಯದ ಫಾರ್ಮ್. ಹತ್ತು ಪ್ರಶ್ನೆ ಇರುತ್ತವೆ. ಅಸ್ತಮಾ, ಬಿಪಿ, ಶುಗರ್ ಇತ್ಯಾದಿಗೆ ಹೌದು ಅಂದರೆ ಡಾಕ್ಟರ್ ಸಹಿ ಕೇಳಬಹುದು. ಪಿಯರ್ ಮೇಲೆ ನಿಂತು ಡಾಕ್ಟರನ್ನು ಎಲ್ಲಿ ಹುಡುಕುವುದು? ಫಾರ್ಮ್ ಮೊದಲೇ ತರಿಸಿಕೊಂಡು, ನಿಜವನ್ನೇ ಬರೆದು, ಬೇಕಿದ್ದರೆ ಸಹಿ ಮಾಡಿಸಿ ಒಯ್ಯಿರಿ. ಡೈವ್ ವಿಮೆ ಬೇರೆಯೇ ಮಾಡಿಸಿ, ಡ್ಯಾನ್ ಅಂದರೆ ಡೈವರ್ಸ್ ಅಲರ್ಟ್ ನೆಟ್‌ವರ್ಕ್‌ನದು ಎಲ್ಲರೂ ಒಪ್ಪುತ್ತಾರೆ. ಭಾರತದ ಪಾಸ್‌ಪೋರ್ಟ್ ಇದ್ದರೆ ಅಮೆರಿಕಕ್ಕೆ ಮರಳಿ ಬರಲು ವೀಸಾ ಸ್ಟಾಂಪಿಂಗ್ ಚಾಲ್ತಿಯಲ್ಲಿದೆಯೇ ನೋಡಿಕೊಳ್ಳಿ. ಹಡಗು ತಪ್ಪಿದರೆ ಬೇಕಾಗುವ ಬಂದರಿನ ಏಜೆಂಟ್ ಫೋನ್ ನಂಬರ್ ಹಡಗಿನ ದಿನದ ಕಾರ್ಯಕ್ರಮದ ಹಾಳೆಯಲ್ಲಿ ಇರುತ್ತದೆ, ಇಳಿಯುವ ಮುಂಚೆ ಅದರ ಫೋಟೋ ತೆಗೆದುಕೊಳ್ಳಿ.

ಸಾಮಾನು ಕಡಿಮೆ ಒಯ್ಯಿರಿ. ಮಾಸ್ಕ್, ಆಳ ಮತ್ತು ಸಮಯ ತೋರಿಸುವ ಡೈವ್ ಕಂಪ್ಯೂಟರ್, ಬೇಕೆನಿಸಿದರೆ 3 ಮಿ.ಮೀ. ವೆಟ್‌ಸೂಟ್. ಏಪ್ರಿಲ್‌ನಲ್ಲಿ ನೀರು ಸುಮಾರು 27 ಡಿಗ್ರಿ ಇರುತ್ತದೆ. ಉಳಿದದ್ದೆಲ್ಲ ಬಾಡಿಗೆಗೆ ಸಿಗುತ್ತದೆ. ಒಂದು ಕೆಲಸ ಮಾತ್ರ ದಯವಿಟ್ಟು ತಪ್ಪಿಸಬೇಡಿ. 2014ರಲ್ಲಿ ಫ್ಲೋರಿಡಾದಲ್ಲಿ ಕಂಡ ಒಂದು ಹವಳದ ರೋಗ ಈಗ ನೀವು ಹೋಗುವ ಎಲ್ಲ ಕಡೆಯೂ ಹಬ್ಬಿದೆ. ನೂರಾರು ವರ್ಷ ಬೆಳೆದ ಮೆದುಳಿನಾಕಾರದ ಹವಳಗಳು ಕೆಲವೇ ವಾರಗಳಲ್ಲಿ ಬೆಳ್ಳಗಾಗಿ ಸತ್ತಿವೆ. ಹಾಗಾಗಿ ಒಂದು ದ್ವೀಪದ ನೀರನ್ನು ಇನ್ನೊಂದಕ್ಕೆ ಒಯ್ಯಬೇಡಿ. ಡೈವ್ ಶಾಪ್‌ನಲ್ಲಿ ಸೋಂಕು ನಿವಾರಕದ ತೊಟ್ಟಿ ಇದ್ದರೆ ನಿಮ್ಮ ಸಾಮಾನನ್ನು ಅದರಲ್ಲಿ ಅದ್ದಿ, ಹಡಗಿನ ಬಾತ್‌ರೂಮಿನಲ್ಲಿ ಸಿಹಿನೀರಿನಲ್ಲಿ ತೊಳೆದು ಪೂರ್ತಿ ಒಣಗಿಸಿ.

ಎರಡು ಟ್ಯಾಂಕ್‌ಗೆ, ಅಂದರೆ ಎರಡು ಡೈವ್‌ಗೆ, ಸುಮಾರು 100ರಿಂದ 150 ಡಾಲರ್ ಆಗಬಹುದು, ದೋಣಿಯವರಿಗೆ ಟಿಪ್ಸ್ ಬೇರೆ. ಹಿಂದಿನ ರಾತ್ರಿ ಕುಡಿಯಬೇಡಿ, ನೀರು ಚೆನ್ನಾಗಿ ಕುಡಿಯಿರಿ. ಓಲಾಟಕ್ಕೆ ವಾಂತಿ ಬರುವವರಾದರೆ ಮಾತ್ರೆ ಯಾವುದು ಒಗ್ಗುತ್ತದೆ ಅಂತ ಮನೆಯಲ್ಲೇ ನೋಡಿಕೊಂಡು ಬನ್ನಿ. ವಿಮಾನದ ಚಿಂತೆ ನಿಮಗಿಲ್ಲ. ಹಲವು ಡೈವ್ ಆದ ಮೇಲೆ ವಿಮಾನ ಹತ್ತುವ ಮೊದಲು ಕನಿಷ್ಠ 18 ಗಂಟೆ ಬಿಡಬೇಕು. ಶುಕ್ರವಾರ ಕೊನೆಯ ಡೈವ್, ಭಾನುವಾರ ವಿಮಾನ, ಧಾರಾಳವಾಯಿತು.

ಈಗ ಮಾಡಬೇಕಾದ್ದು: ಕೊಝುಮೆಲ್ ಮತ್ತು ರೊಆಟಾನ್‌ನಲ್ಲಿ ತಲಾ ಎರಡು ಶಾಪ್‌ಗೆ ಈ ವಾರವೇ ಇಮೇಲ್ ಮಾಡಿ. ಹಡಗಿನ ಹೆಸರು, ತಾರೀಖು, ಪಿಯರ್, ಹೊರಡುವ ಸಮಯ, ನಿಮ್ಮ ಕಾರ್ಡ್, ಕೊನೆಯ ಡೈವ್ ಯಾವಾಗ, ಇಷ್ಟು ಬರೆಯಿರಿ. ಏಪ್ರಿಲ್ ರಜೆಯಲ್ಲಿ ಚಿಕ್ಕ ದೋಣಿಗಳು ಬೇಗ ತುಂಬುತ್ತವೆ. ಅವರ ಉತ್ತರ ಬಂದ ಮೇಲೆ ಸಮಯಗಳನ್ನು ಇಲ್ಲಿ ಹಾಕಿ, ಎರಡು ಗಂಟೆ ಉಳಿಯುತ್ತದೋ ಇಲ್ಲವೋ ಕೂತು ಲೆಕ್ಕ ಹಾಕೋಣ.