ಅಕ್ಷರ ಹನ್ನೆರಡೇ, ಆದರೆ ಭಾಷೆ ಪೂರ್ತಿ

(ಕಳೆದ ಸಂಚಿಕೆಯಲ್ಲಿ ಪಪುವಾ ನ್ಯೂಗಿನಿಯ ಬೂಗನ್‌ವಿಲ್ ದ್ವೀಪದ ರೊಟೊಕಾಸ್ ಭಾಷೆಯ ಬಗ್ಗೆ ಒಂದು ಪುಟ ಹಾಕಿದ್ದೆವು. ಅದನ್ನು ಓದಿ ಶಿರಸಿಯಿಂದ ನಿವೃತ್ತ ಕನ್ನಡ ಮೇಷ್ಟ್ರೊಬ್ಬರು ಬರೆದಿದ್ದಾರೆ. ‘ನಮ್ಮಲ್ಲಿ 49 ಅಕ್ಷರ, ಅಲ್ಲಿ ಬರೀ 12. ಮ ಇಲ್ಲ, ನ ಇಲ್ಲ. ಇದು ಇನ್ನೂ ಬೆಳೆಯದ ಭಾಷೆ ಅಲ್ವಾ? ಟಿ, ಎಸ್ ಎರಡೂ ಒಂದೇ ಧ್ವನಿ ಅಂತೀರಿ, ಹಾಗಾದರೆ ಎರಡು ಅಕ್ಷರ ಯಾಕೆ? ನಾಲ್ಕು ಸಾವಿರ ಜನರ ಭಾಷೆಗೆ ಒಂದು ಪುಟ ಬೇಕಿತ್ತಾ?’)

ಮೇಷ್ಟ್ರೇ, ನಮಸ್ಕಾರ. ಎರಡನೇ ಪ್ರಶ್ನೆಯಿಂದ ಶುರು ಮಾಡುತ್ತೇನೆ. ಅದರಲ್ಲೇ ಜಾಸ್ತಿ ಸ್ವಾರಸ್ಯ ಇರೋದು.

ರೊಟೊಕಾಸ್‌ನಲ್ಲಿ ವ್ಯಂಜನ ಆರೇ. ಪ, ಟ, ಕ ಒಂದು ಸಾಲು, ವ, ರ, ಗ ಇನ್ನೊಂದು ಸಾಲು. ಜೊತೆಗೆ ಐದು ಸ್ವರ. ಅಲ್ಲಿಗೆ ಹನ್ನೊಂದು ಧ್ವನಿ ಆಯಿತು. ಈ ಲೆಕ್ಕವನ್ನು ಭಾಷಾವಿಜ್ಞಾನಿಗಳಾದ ಫರ್ಚೊ ದಂಪತಿ 1969ರಲ್ಲಿ ಪ್ರಕಟಿಸಿದರು. ಹನ್ನೆರಡನೇ ಅಕ್ಷರವೇ ನಿಮ್ಮ ತಕರಾರಿನ ಎಸ್. ಮುಂದೆ ಇ ಬಂದರೆ ಟ ಅನ್ನೋದು ‘ಸ’ದ ಹತ್ತಿರ ಹೋಗುತ್ತದೆ, ಆಗ ಎಸ್ ಬರೆಯುತ್ತಾರೆ. ಬೇರೆ ಕಡೆ ಟಿ. ಇದಕ್ಕೆ ಹೊರತಾಗಿರೋದು ‘ರೊಟೊಕಾಸ್’ ಅನ್ನೋ ಹೆಸರೇ, ಅಲ್ಲಿ ಇ ಇಲ್ಲದೆಯೂ ಎಸ್ ಇದೆ.

ನೀವು ಮಕ್ಕಳಿಗೆ ಅನುಸ್ವಾರ ಕಲಿಸಿದವರು. ಅಂಕ, ಅಂಚು, ಅಂಟು, ಅಂದ, ಅಂಬು ಅಂತ ಒಂದೊಂದಾಗಿ ಹೇಳಿ ನೋಡಿ, ನಾಲಿಗೆ ಐದು ಕಡೆ ನಿಲ್ಲುತ್ತದೆ. ಬರೆಯೋದು ಮಾತ್ರ ಒಂದೇ ಸೊನ್ನೆ. ಮುಂದಿನ ಅಕ್ಷರ ನೋಡಿದರೆ ಗೊತ್ತಾಗುತ್ತದೆ, ಬೇರೆ ಬೇರೆ ಗುರುತು ಬೇಕಿಲ್ಲ ಅಂತ ನಾವು ಬಿಟ್ಟೆವು. ರೊಟೊಕಾಸ್‌ನಲ್ಲೂ ಮುಂದಿನ ಸ್ವರ ನೋಡಿದರೆ ಗೊತ್ತಾಗುತ್ತದೆ, ಆದರೂ ಎರಡು ಅಕ್ಷರ ಇಟ್ಟುಕೊಂಡರು. ಅಲ್ಲಿ ಸುತ್ತಮುತ್ತ ಎಲ್ಲರೂ ಆಡುವ ಟೋಕ್ ಪಿಸಿನ್‌ನಲ್ಲಿ ಟ ಬೇರೆ, ಸ ಬೇರೆ. ಎರಡೂ ಭಾಷೆ ಓದುವ ಮಗುವಿಗೆ ಇದು ಹೊರೆಯಲ್ಲ ಅಂತ ನನ್ನ ಅನಿಸಿಕೆ. ಇನ್ನು ವ ಅಕ್ಷರವನ್ನು ಒಮ್ಮೆ ‘ಬ’ದಂತೆ, ಒಮ್ಮೆ ‘ವ’ದಂತೆ ನುಡಿದರೂ ಅವರಿಗೆ ಅದು ಒಂದೇ ಧ್ವನಿ. ನಮಗೆ ಹಾಗಲ್ಲ. ಬರ ಬೇರೆ, ವರ ಬೇರೆ.

ಮ, ನ ವಿಷಯಕ್ಕೆ ಬರೋಣ. ಇಲ್ಲಿ ತಪ್ಪು ನಮ್ಮದು, ಅದನ್ನು ನೇರವಾಗಿ ಒಪ್ಪುತ್ತೇನೆ. ‘ರೊಟೊಕಾಸ್‌ನಲ್ಲಿ ಅನುನಾಸಿಕವೇ ಇಲ್ಲ’ ಅಂತ ಅಚ್ಚು ಮಾಡಿದ್ದೆವು. ಆ ಮಾತು ನಡು ರೊಟೊಕಾಸ್ ಅನ್ನೋ ಉಪಭಾಷೆಗೆ ಮಾತ್ರ ಸರಿ. ಅಲ್ಲಿನವರು ಮೂಗಿನ ಧ್ವನಿ ತರೋದು ಅಪರೂಪ, ಹೊರಗಿನವರು ತಮ್ಮ ಭಾಷೆ ಆಡುವ ರೀತಿಯನ್ನು ಅಣಕಿಸುವಾಗ ಮಾತ್ರ ಅಂತ ದಾಖಲಾಗಿದೆ. ಆದರೆ ಪಕ್ಕದ ಐಟಾ ಉಪಭಾಷೆಯಲ್ಲಿ ಮ, ನ ಚೆನ್ನಾಗಿಯೇ ಇವೆ, ವ್ಯಂಜನ ಒಟ್ಟು ಒಂಬತ್ತು. ಭಾಷಾವಿಜ್ಞಾನಿ ಸ್ಟುವರ್ಟ್ ರಾಬಿನ್ಸನ್ 2006ರಲ್ಲಿ ಇದನ್ನು ತೋರಿಸಿದರು. ಐಟಾದಲ್ಲಿ ಬ ಇರುವ ಪದಕ್ಕೂ ಮ ಇರುವ ಪದಕ್ಕೂ ನಡು ರೊಟೊಕಾಸ್‌ನಲ್ಲಿ ಒಂದೇ ವ. ಯಾವ ವ ಅಲ್ಲಿ ಮ ಆಗಿದೆ ಅಂತ ನಡು ರೊಟೊಕಾಸ್ ಒಂದನ್ನೇ ನೋಡಿ ಹೇಳೋಕೆ ಆಗಲ್ಲ. ಅಂದರೆ ಹಿಂದೆ ಎಲ್ಲರಿಗೂ ಇದ್ದ ಧ್ವನಿ ಇಲ್ಲಿ ಬೆರೆತುಹೋಗಿದೆ.

ಇದು ನಿಮಗೆ ಹೊಸದಲ್ಲ. ಇವತ್ತಿನ ‘ಏಳು’ ಹಳಗನ್ನಡದಲ್ಲಿ ಏೞು. ಇವತ್ತಿನ ‘ಹುಳಿ’ ಆಗಲೂ ಪುಳಿ, ಮಾಮೂಲಿ ಳ. ಈಗ ಎರಡಕ್ಕೂ ಒಂದೇ ಳ. ಹೊಸಗನ್ನಡ ಮಾತ್ರ ಬಲ್ಲವರಿಗೆ ಯಾವುದರಲ್ಲಿ ೞ ಇತ್ತು ಅಂತ ತಿಳಿಯೋದೇ ಇಲ್ಲ. ೞ ಹೋಯಿತು, ಱ ಹೋಯಿತು. ಅದಕ್ಕೆ ಕನ್ನಡ ಹಿಂದಕ್ಕೆ ಸರಿಯಿತು ಅಂತ ಯಾರೂ ಅನ್ನಲಿಲ್ಲ ಅಲ್ವಾ?

ಇಷ್ಟು ಕಡಿಮೆ ಧ್ವನಿಯಲ್ಲಿ ಪದ ಸಾಲುತ್ತವಾ? ಲೆಕ್ಕ ಹಾಕಿ ನೋಡಿ. ಆರು ವ್ಯಂಜನಕ್ಕೆ ಐದೈದು ಸ್ವರ, ಜೊತೆಗೆ ಬರೀ ಸ್ವರ ಐದು, ಒಟ್ಟು 35. ದೀರ್ಘ ಬಿಟ್ಟೇ ಈ ಲೆಕ್ಕ. ಒತ್ತಕ್ಷರ ಇಲ್ಲ. ಮೂರು ಅಕ್ಷರದ ಪದಗಳಿಗೇ 42,875 ಜಾಗ. ನಾಲ್ಕಕ್ಕೆ ಹದಿನೈದು ಲಕ್ಷ ದಾಟುತ್ತದೆ. ಪದ ಸ್ವಲ್ಪ ಉದ್ದ ಆಗುತ್ತದೆ, ಅಷ್ಟೇ.

ಉದ್ದ ಹೇಗಿರುತ್ತದೆ ಅಂತ ಒಂದು ವಾಕ್ಯ ತೋರಿಸುತ್ತೇನೆ. ನಿಧಾನವಾಗಿ ಓದಿ, ಅಕ್ಕಪಕ್ಕದ ಸ್ವರಗಳ ನಡುವೆ ನಮ್ಮ ಅಭ್ಯಾಸದಂತೆ ಯಕಾರ, ವಕಾರ ತೂರಿಸಬೇಡಿ.

ಒಸಿರೆಇಟೊಅರೆಇ ಅವುಕವ ಇಅವ ಉರುರುಪವಿರ ಟೊಉಪಸಿವೆಇರ.

ಅರ್ಥ, ‘ಮುದುಕಿಯ ಕಣ್ಣು ಮುಚ್ಚಿವೆ’. ಒಸಿರೆಇ ಅಂದರೆ ಕಣ್ಣು. ಅದರ ಬಾಲದಲ್ಲಿ ದ್ವಿವಚನ ಇದೆ, ಕಣ್ಣು ಎರಡು ತಾನೇ. ನಾವು ಸಂಸ್ಕೃತದಲ್ಲಿ ಬಾಯಿಪಾಠ ಮಾಡಿದ ಆ ದ್ವಿವಚನ ಅಲ್ಲಿ ದಿನದ ಮಾತಿನಲ್ಲಿದೆ. ಅವುಕವದ ಕೊನೆಯ ‘ವ’ ಹೆಂಗಸನ್ನು ಸೂಚಿಸುತ್ತದೆ. ಇಅವ ನಮ್ಮ ವಿಭಕ್ತಿಯ ಹಾಗೆ ಹೆಸರು ಆದಮೇಲೆ ಬರುತ್ತದೆ. ಉರುರುಪವಿರದಲ್ಲಿನ ‘ವಿರ’ ನಮ್ಮ ‘ಆಗಿ’ ಇದ್ದಂತೆ. ಕೊನೆಗೆ ಕ್ರಿಯಾಪದ, ನಮ್ಮಂತೆಯೇ. ಅದನ್ನು ಬಿಡಿಸಿ ನೋಡಿ. ಟೊಉ ಅಂದರೆ ಇರು, ಪ ಅಂದರೆ ನಡೆಯುತ್ತಲೇ ಇದೆ, ಸಿ ಅಂದರೆ ಇಬ್ಬರು ಅಥವಾ ಎರಡು, ವೆಇರ ಅಂದರೆ ಯಾವಾಗಲೂ ಹಾಗೇ. ನಿಮ್ಮ ಟಿ, ಎಸ್ ಎರಡೂ ಈ ಒಂದೇ ಪದದಲ್ಲಿವೆ. ಒ ಮುಂದೆ ಟಿ, ಇ ಮುಂದೆ ಎಸ್.

ಇನ್ನೂ ಇದೆ. ಕ್ರಿಯಾಪದದ ಪುರುಷ ಪ್ರತ್ಯಯಗಳು ಅಲ್ಲಿ ಎರಡು ಗುಂಪು. ‘ಅವನು’ ಅನ್ನೋದಕ್ಕೆ ಒಂದು ಗುಂಪಿನಲ್ಲಿ ರೊ, ಇನ್ನೊಂದರಲ್ಲಿ ರೆ. ಹೆಚ್ಚಾಗಿ ಅಕರ್ಮಕಕ್ಕೆ ಒಂದು, ಸಕರ್ಮಕಕ್ಕೆ ಇನ್ನೊಂದು, ಆದರೆ ಕೆಲವು ಧಾತು ಈ ಗೆರೆ ಮೀರುತ್ತವೆ. ಯಾವ ಧಾತು ಯಾವ ಗುಂಪು ಅಂತ ಕಲಿತೇ ತಿಳಿಯಬೇಕು. ಬೆಳೆಯದ ಭಾಷೆ ಅಂತ ನನಗಂತೂ ಹೇಳೋಕೆ ಬಾಯಿ ಬರಲ್ಲ.

ಪುಟ ಯಾಕೆ ಕೊಟ್ಟೆವು ಅಂತ ಕೇಳಿದ್ದೀರಿ. ನಿಮ್ಮೂರಿನ ಹುಡುಗರು ಬೆಂಗಳೂರಿನಲ್ಲಿ ಕಂಪ್ಯೂಟರ್‌ಗೆ ಭಾಷೆ ಕಲಿಸುವ ಕೆಲಸದಲ್ಲಿದ್ದರೆ ಎನ್‌ಎಲ್‌ಟಿಕೆ ಅಂತ ಕೇಳಿ ನೋಡಿ, ಬಹಳ ಮಂದಿ ಅಭ್ಯಾಸ ಮಾಡುವ ಉಚಿತ ಸಲಕರಣೆ ಅದು. ಅದರೊಳಗೆ ಒಂದು ರೊಟೊಕಾಸ್ ನಿಘಂಟು ಇದೆ. ಮೊದಲ ಪದ ‘ಕಾ’, ಗಂಟಲಿಗೆ ಸಿಕ್ಕಿಕೊಳ್ಳೋದು. ಉದಾಹರಣೆ ವಾಕ್ಯದಲ್ಲಿ ಅಪೊಕ ಅನ್ನುವವನಿಗೆ ಮಾತಾಡುತ್ತಾ ತಿಂದು ಗಂಟಲಿಗೆ ಸಿಕ್ಕಿಕೊಂಡಿದೆ. ‘ಮಾತಾಡುತ್ತಾ’ ಅನ್ನೋದಕ್ಕೆ ಅವರು ‘ರೆಒರೆಒಪಒರೊ’ ಅಂತಾರೆ. ರೆಒ ಎರಡು ಸಲ, ಆಮೇಲೆ ಮೇಲಿನ ವಾಕ್ಯದಲ್ಲಿ ನೋಡಿದ ಅದೇ ‘ಪ’, ಕೊನೆಯ ‘ಒರೊ’ ನಮ್ಮ ‘ಉತ್ತಾ’ದ ಕೆಲಸ ಮಾಡುತ್ತದೆ. ಊಟ ಮಾಡುತ್ತಾ ಮಾತಾಡಬೇಡ ಅಂತ ನಮ್ಮಜ್ಜಿ ಗದರುತ್ತಿದ್ದರು. ಈ ವಾಕ್ಯ ಮೊದಲ ಸಲ ಓದಿದಾಗ ನನಗೆ ಅವರದೇ ದನಿ ಕೇಳಿಸಿತು. ಆವತ್ತೇ ಈ ಭಾಷೆಗೆ ಒಂದು ಪುಟ ಕೊಡಬೇಕು ಅಂತ ತೀರ್ಮಾನ ಮಾಡಿದ್ದು.

ಐಟಾದ ತಿದ್ದುಪಡಿಯನ್ನು ಮುಂದಿನ ಸಂಚಿಕೆಯಲ್ಲಿ ಮೂಲ ಲೇಖನ ಬಂದ ಪುಟದಲ್ಲೇ ಹಾಕುತ್ತೇವೆ.

– ಸಂಪಾದಕ