ಥಂಡಿಗಾಲದ ಬಿಲ್ಲು, ಅತ್ತೆಯವರ ಬಿಸಿನೀರು

ಓದುಗರ ಪತ್ರ:

ಮಾನ್ಯ ಸಂಪಾದಕರೇ, ನಮ್ಮದು ಗಂಗಾವತಿ. ಮನೆಯಲ್ಲಿ ಐದು ಮಂದಿ. ನಾವಿಬ್ಬರು, ಶಾಲೆಗೆ ಹೋಗುವ ಇಬ್ಬರು ಮಕ್ಕಳು, 76 ವರ್ಷದ ನಮ್ಮ ಅತ್ತೆ. ಗೃಹಜ್ಯೋತಿಯಲ್ಲಿ ನಮಗೆ 150 ಯೂನಿಟ್ ಫ್ರೀ ಇದೆ. ಬಳಸುವುದು 140ರ ಆಸುಪಾಸು, ಹಾಗಾಗಿ ಬಿಲ್ಲು ಸೊನ್ನೆ ಬರುತ್ತಿತ್ತು. ಮೊದಲು ಹಿತ್ತಲಲ್ಲಿ ಹಂಡೇವಿನಲ್ಲಿ ನೀರು ಕಾಯಿಸುತ್ತಿದ್ದೆವು. ಈ ಸಲ ಗೀಸರ್ ಹಾಕಿಸಿದೆವು, ಅತ್ತೆಯ ಕೋಣೆಗೆ ಒಂದು ಹೀಟರ್ ತಂದೆವು. ಡಿಸೆಂಬರ್‌ನಲ್ಲಿ 240 ಯೂನಿಟ್ ಆಗಿ 1,800 ರೂಪಾಯಿ ದಾಟಿತು. ಬಿಲ್ಲು ನೋಡಿದ ಅತ್ತೆ "ನನಗ ಬಿಸಿನೀರು ಬ್ಯಾಡವ್ವ, ತಣ್ಣೀರಾಗ ಜಳಕ ಮಾಡ್ತೀನಿ" ಅಂತ ಹಟ ಹಿಡಿದಿದ್ದಾರೆ. ರಾತ್ರಿ ಕೋಣೆಯಲ್ಲಿ ಕೆಂಡ ಇಟ್ಟರೆ ಸಾಕು ಎನ್ನುತ್ತಾರೆ ಪಕ್ಕದ ಮನೆಯವರು. ಗ್ಯಾಸ್ ಗೀಸರ್ ಅಗ್ಗ ಅಂತ ಕೆಲವರು, ಸೋಲಾರ್ ಹಾಕಿಸಿ ಅಂತ ಕೆಲವರು. ಏನು ಮಾಡಲಿ?

ಸಂಪಾದಕರ ಉತ್ತರ:

ನಮಸ್ಕಾರ ತಾಯಿ.

ಬಿಲ್ಲಿನ ಮಾತು ಆಮೇಲೆ. ಮೊದಲು ಕೆಂಡದ ಮಾತು. ದಯವಿಟ್ಟು ಮುಚ್ಚಿದ ಕೋಣೆಯಲ್ಲಿ ಕೆಂಡ ಇಡಬೇಡಿ. ಕೆಂಡದಿಂದ ಕಾರ್ಬನ್ ಮಾನಾಕ್ಸೈಡ್ ಎಂಬ ಅನಿಲ ಬರುತ್ತದೆ. ಅದಕ್ಕೆ ವಾಸನೆ ಇಲ್ಲ, ಬಣ್ಣ ಇಲ್ಲ. ಹೊಗೆ ಇಲ್ಲದ ಕೆಂಡದಿಂದಲೂ ಬರುತ್ತದೆ. ಮಲಗಿದವರಿಗೆ ಎಚ್ಚರವೇ ಆಗುವುದಿಲ್ಲ. ಥಂಡಿ ಅಂತ ಕಿಟಕಿ, ಬಾಗಿಲು ಎಲ್ಲ ಬಿಗಿಯಾಗಿ ಹಾಕಿರುತ್ತೇವೆ, ಅದೇ ಪ್ರಾಣಕ್ಕೆ ಕುತ್ತು. ಪಕ್ಕದ ಮನೆಯವರು ನಿಮ್ಮ ಒಳ್ಳೆಯದಕ್ಕೇ ಹೇಳಿದ್ದಾರೆ. ಅವರ ಮನೆಯಲ್ಲೂ ಹಾಗೆ ಇಡುತ್ತಿದ್ದರೆ ಇದನ್ನು ಅವರಿಗೂ ಓದಿ ಹೇಳಿ.

ಗ್ಯಾಸ್ ಗೀಸರ್ ಕೂಡ ಇದೇ ಅನಿಲದಿಂದ ಜನರನ್ನು ಬಲಿ ತೆಗೆದುಕೊಂಡಿದೆ. ನಮ್ಮ ಕಡೆ ಬಚ್ಚಲಮನೆ ಸಣ್ಣದು, ಕಿಟಕಿ ಇನ್ನೂ ಸಣ್ಣದು. ಗೋಡೆಯ ಹೊರಗೆ, ಗಾಳಿ ಆಡುವ ಕಡೆ ಅದನ್ನು ಕೂರಿಸಿ, ಬರೀ ನೀರಿನ ಪೈಪು ಒಳಗೆ ತರುವ ಹಾಗಿದ್ದರೆ ಯೋಚಿಸಿ. ಇಲ್ಲದಿದ್ದರೆ ಬೇಡವೇ ಬೇಡ. ದುಡ್ಡಿನ ಲೆಕ್ಕದಲ್ಲೂ ಹೇಳಿಕೊಳ್ಳುವಂಥ ಲಾಭ ಇಲ್ಲ. ಈಗಿನ ಸಿಲಿಂಡರ್ ದರದಲ್ಲಿ ಗ್ಯಾಸ್‌ನಿಂದ ಕಾಯಿಸಿದರೂ ಕರೆಂಟಿನಿಂದ ಕಾಯಿಸಿದರೂ ಖರ್ಚು ಹೆಚ್ಚುಕಡಿಮೆ ಒಂದೇ.

ಇನ್ನು ಅತ್ತೆಯವರ ತಣ್ಣೀರು. ಆ ಮಾತಿಗೆ ಒಪ್ಪಬೇಡಿ. ವಯಸ್ಸಾದವರ ಮೈಗೆ ಒಮ್ಮೆಲೇ ತಣ್ಣೀರು ಬಿದ್ದರೆ ರಕ್ತನಾಳ ಬಿಗಿಯುತ್ತವೆ, ಬಿಪಿ ಏರುತ್ತದೆ, ಎದೆಯ ಮೇಲೆ ಭಾರ ಬೀಳುತ್ತದೆ. ಮಗ ದುಡಿದ ದುಡ್ಡು ತನ್ನಿಂದ ಹೋಯಿತಲ್ಲ ಅನ್ನುವ ಸಂಕಟಕ್ಕೆ ಅವರು ಹಾಗೆ ಹೇಳುತ್ತಿದ್ದಾರೆ. ಬಿಲ್ಲು ಏರಿದ್ದು ಅವರೊಬ್ಬರಿಂದಲ್ಲ ಅಂತ ಲೆಕ್ಕ ಹಾಕಿ ತೋರಿಸಿದರೆ ಅವರಿಗೂ ಸಮಾಧಾನ ಆಗಬಹುದು. ಆ ಲೆಕ್ಕ ಹೀಗಿದೆ.

ಒಂದು ಯೂನಿಟ್ ಕರೆಂಟು 43 ಲೀಟರ್ ನೀರನ್ನು 20 ಡಿಗ್ರಿ ಬಿಸಿ ಮಾಡುತ್ತದೆ. ಗೀಸರ್ ಆಗಲಿ, ಕಾಯಿಲ್ ಆಗಲಿ, ಯಾವ ಕಂಪನಿಯದೇ ಆಗಲಿ, ಈ ಲೆಕ್ಕ ಬದಲಾಗುವುದಿಲ್ಲ. 22 ಡಿಗ್ರಿಯ ನೀರು ಜಳಕಕ್ಕೆ ಹದವಾಗಬೇಕಾದರೆ 42 ಡಿಗ್ರಿಗೆ ಬರಬೇಕು. ಅಂದರೆ 20 ಲೀಟರಿನ ಎರಡು ಬಕೆಟ್‌ಗೆ ಹತ್ತಿರ ಹತ್ತಿರ ಒಂದು ಯೂನಿಟ್. ಐದು ಮಂದಿಗೆ ಐದು ಬಕೆಟ್ ಅಂದರೆ ದಿನಕ್ಕೆ ಎರಡೂಕಾಲು ಯೂನಿಟ್ ಮೇಲೆ, ತಿಂಗಳಿಗೆ 70. ನಿಮ್ಮ ಮಾಮೂಲಿ 140ಕ್ಕೆ ಇದನ್ನು ಸೇರಿಸಿ, 210 ಆಯಿತು. ಉಳಿದ 30 ಹೀಟರಿನದು. ಸಾವಿರ ವ್ಯಾಟಿನ ಹೀಟರ್ ಗಂಟೆಗೆ ಒಂದು ಯೂನಿಟ್ ತಿನ್ನುತ್ತದೆ. ದಿನಾ ರಾತ್ರಿ ಒಂದು ತಾಸು ಹಾಕಿದ್ದೀರಿ ಅನ್ನಿಸುತ್ತದೆ. ಬಿಸಿನೀರಿನ ಆ 70 ಯೂನಿಟ್‌ನಲ್ಲಿ ಅತ್ತೆಯವರ ಪಾಲು ಬರೀ 14. ಇದನ್ನು ಅವರಿಗೆ ಹೇಳಿ.

ಆದರೂ ಸೊನ್ನೆ ಇದ್ದ ಬಿಲ್ಲು ಒಮ್ಮೆಲೇ 1,800 ದಾಟಿದ್ದು ಹೇಗೆ? ನೂರು ಯೂನಿಟ್ ಜಾಸ್ತಿ ಆಗಿದ್ದಕ್ಕೆ ಅಷ್ಟು ಬರಬಾರದಲ್ವಾ? ಕಾರಣ 200ರ ಗೆರೆ. ಗೃಹಜ್ಯೋತಿಯಲ್ಲಿ ನಿಮಗೆ ನಿಗದಿ ಮಾಡಿದ 150 ದಾಟಿ, 200ರ ಒಳಗೆ ಇದ್ದರೆ ದಾಟಿದ ಯೂನಿಟ್‌ಗಳ ದುಡ್ಡು ಮಾತ್ರ ಕಟ್ಟಬೇಕು. 200 ದಾಟಿದರೆ ಆ ತಿಂಗಳು ಉಚಿತ ಅನ್ನುವುದೇ ಇಲ್ಲ. ಮೊದಲನೇ ಯೂನಿಟ್‌ನಿಂದ ಹಿಡಿದು ಪೂರ್ತಿ ಬಿಲ್ಲು ಕಟ್ಟಬೇಕು. ನಿಮ್ಮ 150 ಕೂಡ ಎಲ್ಲಿಂದಲೋ ಬಂದದ್ದಲ್ಲ. 2022-23ರಲ್ಲಿ ನಿಮ್ಮ ಮನೆಯ ತಿಂಗಳ ಸರಾಸರಿ ತೆಗೆದು, ಅದಕ್ಕೆ ಶೇ 10 ಸೇರಿಸಿ ಮಾಡಿದ್ದು. ಆ ವರ್ಷ ನೀವು ಹಂಡೇವಿನ ನೀರಿನಲ್ಲಿ ಜಳಕ ಮಾಡುತ್ತಿದ್ದಿರಿ. ಗೀಸರಿನ ಖರ್ಚು ಆ ಸರಾಸರಿಯಲ್ಲಿ ಸೇರಿಯೇ ಇಲ್ಲ.

ಹಾಗಾಗಿ ಈ ಎರಡು ತಿಂಗಳು ನಿಮ್ಮ ಗುರಿ ಸೊನ್ನೆ ಬಿಲ್ಲು ಆಗಬೇಕಿಲ್ಲ. 200ರ ಒಳಗೆ ನಿಲ್ಲುವುದು ಸಾಕು. 180ಕ್ಕೆ ನಿಂತರೆ ಕಟ್ಟುವುದು 200 ರೂಪಾಯಿಯ ಆಸುಪಾಸು. ಸೊನ್ನೆಗೇ ತರಬೇಕು ಅಂತ ಹಟಕ್ಕೆ ಬಿದ್ದರೆ ಮನೆಯಲ್ಲಿ ಯಾರಾದರೊಬ್ಬರು ಥಂಡಿಯಲ್ಲಿ ನಡುಗಬೇಕಾಗುತ್ತದೆ. ಅದು ಬೇಡ.

ಕಡಿಮೆ ಮಾಡುವುದು ಎಲ್ಲಿ? ನಮ್ಮ ನಾಡಿನ ಥಂಡಿ ಎಂಥದ್ದು ಅಂತ ಒಮ್ಮೆ ನೋಡಿ. ಕೊಪ್ಪಳ, ರಾಯಚೂರು, ಬಳ್ಳಾರಿ ಕಡೆ ಡಿಸೆಂಬರ್ ರಾತ್ರಿ ಸಾಮಾನ್ಯವಾಗಿ 15ರಿಂದ 18 ಡಿಗ್ರಿ. ಮಧ್ಯಾಹ್ನ ಆದರೆ ಅದೇ ಊರಲ್ಲಿ 29-30 ಡಿಗ್ರಿ ಬಿಸಿಲು. ಮುಂಜಾನೆ ನಡುಗಿಸುವ ಊರು ಮಧ್ಯಾಹ್ನ ನೆರಳು ಹುಡುಕುವ ಹಾಗೆ ಮಾಡುತ್ತದೆ. ಮಾಳಿಗೆ ಮೇಲಿನ ಕರಿ ಟ್ಯಾಂಕ್‌ನ ನೀರು ಒಂದೂವರೆ, ಎರಡು ಗಂಟೆ ಹೊತ್ತಿಗೆ ಮುಟ್ಟಿ ನೋಡಿ. ಬೆಚ್ಚಗಿರುತ್ತದೆ. ಅತ್ತೆಯವರಿಗೆ ಮುಂಜಾನೆ ಎದ್ದು ಹೊರಗೆ ಹೋಗುವ ಕೆಲಸ ಇಲ್ಲ. ಅವರ ಜಳಕ ಆ ಹೊತ್ತಿಗೆ ಇಟ್ಟುಕೊಳ್ಳಿ. ಜಳಕ ಆಗದೆ ಪೂಜೆ ಹೇಗೆ ಅಂತ ಅವರು ಕೇಳಬಹುದು. ಮುಂಜಾನೆ ಕೈಕಾಲು ಮುಖ ತೊಳೆಯಲು ಒಂದು ಚೊಂಬು ಬಿಸಿನೀರು ಕೊಡಿ, ದೀಪ ಹಚ್ಚಲಿ. ಮೈಮೇಲೆ ನೀರು ಮಧ್ಯಾಹ್ನ. ಜಳಕ ಆದ ಮೇಲೆ ಕಟ್ಟೆಯ ಬಿಸಿಲಿಗೆ ಕೂತು ತಲೆ ಒಣಗಿಸಿಕೊಂಡರೆ ಮಂಡಿನೋವಿಗೂ ಹಿತ. ಮಕ್ಕಳಿಗೂ ಶಾಲೆಯಿಂದ ಬಂದ ಕೂಡಲೇ ಅದೇ ನೀರಲ್ಲಿ ಜಳಕ ಮಾಡಿಸಿ. ಆಡಿ ಮಣ್ಣಾಗಿ ಬಂದಿರುತ್ತಾರೆ, ಮುಂಜಾನೆಯ ಗಡಿಬಿಡಿಯೂ ತಪ್ಪುತ್ತದೆ.

ಇಷ್ಟು ಮಾಡಿದರೆ ಗೀಸರಿಗೆ ಉಳಿಯುವುದು ಎರಡು ಬಕೆಟ್. ಅದರಲ್ಲೂ ಒಂದು ಉಪಾಯ ಇದೆ. ಟ್ಯಾಂಕ್ ಸಾಯಂಕಾಲ ತುಂಬಿಸಿಟ್ಟರೆ ಆ ನೀರು ರಾತ್ರಿಯೆಲ್ಲ ಮಾಳಿಗೆ ಮೇಲೆ ನಿಂತು ಮುಂಜಾನೆಗೆ ಕೊರೆಯುತ್ತಿರುತ್ತದೆ. ಬೋರ್‌ವೆಲ್ ನೀರು ಹಾಗಲ್ಲ. ಥಂಡಿಗಾಲದ ನಸುಕಿನಲ್ಲಿ ಬೋರ್ ನೀರಿಗೆ ಕೈ ಒಡ್ಡಿದವರಿಗೆಲ್ಲ ಅದು ಗೊತ್ತು, ಬೆಚ್ಚಗೆ ಬರುತ್ತದೆ. ನೆಲದೊಳಗಿನ ಸಂಪಿನ ನೀರು ಕೂಡ ಮಾಳಿಗೆ ಮೇಲಿನದಕ್ಕಿಂತ ಬೆಚ್ಚಗಿರುತ್ತದೆ. ರಾತ್ರಿ ಟ್ಯಾಂಕ್ ಖಾಲಿಯಾಗುತ್ತಾ ಬರುವಂತೆ ನೋಡಿಕೊಂಡು, ಮುಂಜಾನೆ ಜಳಕಕ್ಕೆ ಮುಂಚೆ ಮೋಟರ್ ಹಾಕಿ. 20 ಡಿಗ್ರಿಯ ನೀರನ್ನು 42ಕ್ಕೆ ತರುವುದಕ್ಕೂ 27 ಡಿಗ್ರಿಯದನ್ನು ತರುವುದಕ್ಕೂ ಖರ್ಚಿನಲ್ಲಿ ಸುಮಾರು ಮೂರನೇ ಒಂದು ಪಾಲು ಫರಕು ಇದೆ.

ಗೀಸರನ್ನು ಸುಮ್ನೆ ಹಾಕಿ ಬಿಡಬೇಡಿ. ಹಾಕಿ, ಕಾದ ಮೇಲೆ ಆರಿಸಿ, ಒಬ್ಬರ ಹಿಂದೆ ಒಬ್ಬರು ಜಳಕ ಮುಗಿಸಿ. ನೀರು ಕಾದು ನಿಂತಷ್ಟು ಹೊತ್ತು ಬಿಸಿ ಸೋರಿಹೋಗುತ್ತದೆ, ಗೀಸರ್ ಮತ್ತೆ ಮತ್ತೆ ಹೊತ್ತಿಕೊಳ್ಳುತ್ತದೆ. ಇನ್ನೊಂದು, ನಮ್ಮ ಬೋರ್ ನೀರು ಗಡಸು. ವರ್ಷ ಎರಡು ವರ್ಷಕ್ಕೆ ಗೀಸರ್ ಬಿಚ್ಚಿ ನೋಡಿದರೆ ಒಳಗಿನ ಕಾಯಿಲ್ ಕಾಣುವುದೇ ಇಲ್ಲ. ಸುಣ್ಣದ ಬಿಳಿ ಪದರ ಬೆರಳು ದಪ್ಪ ಹತ್ತಿ, ಬಡಿದರೆ ಚೂರು ಚೂರಾಗಿ ಉದುರುತ್ತದೆ. ಇದರಿಂದ ಬಿಲ್ಲು ಅಂಥದ್ದೇನೂ ಏರುವುದಿಲ್ಲ, ಆದರೆ ನೀರು ಕಾಯುವುದು ನಿಧಾನ ಆಗುತ್ತದೆ, ಕೊನೆಗೆ ಕಾಯಿಲ್ಲೇ ಸುಟ್ಟುಹೋಗುತ್ತದೆ. ದಸರಾ ಹೊತ್ತಿಗೆ ಒಮ್ಮೆ ಬಿಚ್ಚಿಸಿ ಸ್ವಚ್ಛ ಮಾಡಿಸಿ. ಗೀಸರ್ ಬಿಟ್ಟು ಬಕೆಟ್‌ಗೆ ಇಳಿಬಿಡುವ ಕಾಯಿಲ್ ತರುತ್ತೇನೆ ಅಂತ ಹೊರಡಬೇಡಿ. ಲೆಕ್ಕ ಅದೇ, ಅಪಾಯ ಜಾಸ್ತಿ. ಸ್ವಿಚ್ ಆರಿಸದೆ ನೀರು ಮುಟ್ಟಿ ಸತ್ತವರ ಸುದ್ದಿ ಎಷ್ಟು ಓದಿಲ್ಲ ನಾವು. ಮಕ್ಕಳಿರುವ ಮನೆ ನಿಮ್ಮದು.

ಹಂಡೇವನ್ನು ಮೂಲೆಗೆ ಹಾಕಿಲ್ಲ ತಾನೆ? ಹಿತ್ತಲಿದೆ, ಒಲೆ ಇದೆ ಅಂದರೆ ರವಿವಾರ, ಅಮಾವಾಸ್ಯೆ, ಹಬ್ಬದ ತಲೆಜಳಕಕ್ಕೆ ಅದನ್ನೇ ಹಚ್ಚಿ. ನೀರು ಜಾಸ್ತಿ ಖರ್ಚಾಗುವುದು ಆ ದಿನಗಳಲ್ಲೇ. ಹೊಲ ಇದ್ದವರಿಗೆ ಹತ್ತಿಕಟ್ಟಿಗೆ, ತೊಗರಿಕಟ್ಟಿಗೆ ಇರುತ್ತದೆ. ಬಳ್ಳಾರಿ ಜಾಲಿಯಂತೂ ಹಳ್ಳದ ದಂಡೆ, ಬೀಳು ಹೊಲ ಎಲ್ಲ ಕಡೆ ಬೆಳೆದಿದೆ, ಅದರ ಕಟ್ಟಿಗೆ ಚೆನ್ನಾಗಿ ಉರಿಯುತ್ತದೆ, ಬಹಳ ಹೊತ್ತು ಕೆಂಡ ನಿಲ್ಲುತ್ತದೆ. ಒಲೆ ಮಾತ್ರ ಬಯಲಲ್ಲಿರಲಿ, ಹೊಗೆ ಮನೆಯೊಳಗೆ ಬರಬಾರದು. ಕಟ್ಟಿಗೆ ದುಡ್ಡು ಕೊಟ್ಟು ಕೊಳ್ಳಬೇಕು ಅನ್ನುವ ಪರಿಸ್ಥಿತಿ ಇದ್ದರೆ ಈ ಮಾತು ಬಿಡಿ.

ರಾತ್ರಿಯ ಹೀಟರ್ ಬಗ್ಗೆ ನನ್ನ ಅಭಿಪ್ರಾಯ ಸ್ಪಷ್ಟ. ನಮ್ಮ ಊರಿನ ಥಂಡಿಗೆ ಕೋಣೆ ಕಾಯಿಸಬೇಕಾಗಿಲ್ಲ, ಮಲಗಿದವರ ಮೈ ಬೆಚ್ಚಗಿದ್ದರೆ ಸಾಕು. ಅತ್ತೆಯವರು ನೆಲದ ಮೇಲೆ ಚಾಪೆ ಹಾಸಿ ಮಲಗುತ್ತಾರೆಯೇ? ನಮ್ಮ ಮನೆಗಳಲ್ಲಿ ಶಹಾಬಾದ್ ಕಲ್ಲಿನ ನೆಲ ಜಾಸ್ತಿ. ಬೇಸಿಗೆಯಲ್ಲಿ ಅದರಂಥ ಸುಖ ಇಲ್ಲ, ಈಗ ಮೈಯೊಳಗಿನ ಬಿಸಿಯನ್ನೆಲ್ಲ ಅದೇ ಎಳೆದುಕೊಳ್ಳುತ್ತದೆ. ಮೇಲೆ ಎಷ್ಟೇ ಹೊದ್ದರೂ ಕೆಳಗಿನಿಂದ ಥಂಡಿ ಏರುತ್ತದೆ. ಮಂಚದ ಮೇಲೆ ಮಲಗಿಸಿ. ಅದು ಆಗದಿದ್ದರೆ ಕೆಳಗೆ ಕಂಬಳಿ, ಅದರ ಮೇಲೆ ಹತ್ತಿ ಗಾದಿ ಹಾಸಿ. ಹೊದೆಯಲು ಕೌದಿ. ಅತ್ತೆಯವರೇ ಹೊಲಿದ ಹಳೆಯ ಕೌದಿ ಟ್ರಂಕಿನಲ್ಲಿ ಇರಬಹುದು. ಐದಾರು ಪದರ ಹಳೆ ಸೀರೆ ಸೇರಿಸಿ ಒತ್ತೊತ್ತಾಗಿ ಹೊಲಿದ ಕೌದಿ ಎರಡು ಇದ್ದರೆ ನಮ್ಮ ಕಡೆಯ ಎಂಥ ಥಂಡಿಯೂ ಕಳೆಯುತ್ತದೆ. ತಲೆಗೆ ಒಂದು ಬಟ್ಟೆ, ಕಾಲಿಗೆ ಸಾಕ್ಸ್. ಮಲಗುವಾಗ ಕಾಲ ಹತ್ತಿರ ರಬ್ಬರಿನ ಬಿಸಿನೀರಿನ ಚೀಲ ಇಡಿ. ಒಂದು ಲೀಟರ್ ನೀರು ಕುದಿಯಲು ಒಂದು ಯೂನಿಟ್‌ನ ಹತ್ತನೇ ಒಂದು ಪಾಲೂ ಬೇಡ. ಅತ್ತೆಯವರಿಗೆ ಸಕ್ಕರೆ ಕಾಯಿಲೆ ಇದ್ದರೆ ಮಾತ್ರ ಹುಷಾರು. ಪಾದದಲ್ಲಿ ಸ್ಪರ್ಶ ಕಡಿಮೆ ಇರುತ್ತದೆ, ಸುಟ್ಟರೂ ತಿಳಿಯುವುದಿಲ್ಲ. ಚೀಲಕ್ಕೆ ದಪ್ಪ ಬಟ್ಟೆ ಸುತ್ತಿ, ಕಾಲಿಗೆ ತಾಗದಂತೆ ಇಡಿ. ಜ್ವರ, ಕೆಮ್ಮು ಇರುವ ರಾತ್ರಿ ಹೀಟರ್ ಹಾಕಿದರೆ ಹಾಕಿಕೊಳ್ಳಿ, ಅದಕ್ಕೆ ಚೌಕಾಸಿ ಬೇಡ. ಬಟ್ಟೆ, ಹಾಸಿಗೆಯಿಂದ ದೂರ ಇರಲಿ, ಎಲ್ಲರೂ ನಿದ್ದೆ ಮಾಡುವ ಮುಂಚೆ ಆರಿಸಿ.

ಉಳಿದದ್ದು ಸೋಲಾರ್. ಸ್ವಂತ ಮನೆಯಾದರೆ ಸೋಲಾರ್ ವಾಟರ್ ಹೀಟರ್ ಒಳ್ಳೆಯ ವಸ್ತು. ಇದರಲ್ಲಿ ನನಗೆ ಅನುಮಾನ ಇಲ್ಲ. ರಾಯಚೂರಿನ ಶಕ್ತಿನಗರದಲ್ಲಿ 1985ರಿಂದ ಕಲ್ಲಿದ್ದಲು ಸುಟ್ಟು ಕರೆಂಟು ತೆಗೆಯುತ್ತಿದ್ದಾರೆ, ಬಳ್ಳಾರಿ ಪಕ್ಕದ ಕುಡಿತಿನಿಯಲ್ಲೂ ಅದೇ. ಸುಟ್ಟ ಕಲ್ಲಿದ್ದಲಿನ ಶಾಖದಲ್ಲಿ ಮೂರರಲ್ಲಿ ಒಂದು ಪಾಲಿನಷ್ಟೇ ಕರೆಂಟಾಗಿ ಹೊರಬರುತ್ತದೆ. ಆ ಕರೆಂಟಿನಿಂದ ಮತ್ತೆ ನೀರು ಕಾಯಿಸುವುದಕ್ಕಿಂತ ತಲೆಮೇಲಿನ ಬಿಸಿಲಿನಿಂದ ಕಾಯಿಸುವುದು ಎಷ್ಟೋ ಮೇಲು. ಐದು ಮಂದಿಗೆ 100 ಲೀಟರಿನದು ಸಾಕು. ಆ ನೀರು 60 ಡಿಗ್ರಿ ಇರುತ್ತದೆ, ತಣ್ಣೀರು ಬೆರೆಸಿದರೆ ಎರಡು ಪಾಲಾಗುತ್ತದೆ. ಗಡಸು ನೀರಿಗೆ ತಾಮ್ರದ ಕೊಳವೆಯ ಚಪ್ಪಟೆ ಪೆಟ್ಟಿಗೆಗಿಂತ ಗಾಜಿನ ಕೊಳವೆಗಳದ್ದು ಮೇಲು, ಸುಣ್ಣ ಕಟ್ಟಿ ಬೇಗ ಮುಚ್ಚಿಹೋಗುವುದಿಲ್ಲ.

ಹೀಗಿದ್ದರೂ ಈ ತಿಂಗಳ ಬಿಲ್ಲಿಗೆ ಹೆದರಿ ಈಗಲೇ ಸಾಲ ಮಾಡಿ ಹಾಕಿಸಬೇಡಿ. ನೀವು ಬಿಸಿನೀರು ಬಳಸುವುದು ವರ್ಷಕ್ಕೆ ಮೂರ್ನಾಲ್ಕು ತಿಂಗಳು. 200ರ ಒಳಗೆ ನಿಂತರೆ ಆ ತಿಂಗಳುಗಳಲ್ಲಿ ನಿಮಗೆ ಬೀಳುವುದು ಇನ್ನೂರು, ಮುನ್ನೂರು ರೂಪಾಯಿ. ಹಾಕಿದ ದುಡ್ಡು ಮರಳಲು ಬಹಳ ವರ್ಷ ಬೇಕಾಗುತ್ತದೆ. ಕೈಯಲ್ಲಿ ದುಡ್ಡು ಇದ್ದಾಗ, ನಾಲ್ಕು ಕಡೆ ದರ ಕೇಳಿ ಹಾಕಿಸಿ. ಸೋಲಾರ್‌ನವರು 78,000 ರೂಪಾಯಿ ಸಬ್ಸಿಡಿ ಇದೆ ಅಂತ ಹೇಳಿದ್ದರೆ ಒಂದು ಮಾತು ಕೇಳಿ ತಿಳಿದುಕೊಳ್ಳಿ. ಆ ಸಬ್ಸಿಡಿ 2024ರಲ್ಲಿ ಶುರುವಾದ ಪಿಎಂ ಸೂರ್ಯಘರ್ ಯೋಜನೆಯದು. ಮಾಳಿಗೆ ಮೇಲೆ ಕರೆಂಟು ತಯಾರಿಸುವ ಪ್ಯಾನೆಲ್‌ಗೆ, ಅದೂ ಮೂರು ಕಿಲೋವ್ಯಾಟ್ ಅಥವಾ ಅದಕ್ಕಿಂತ ದೊಡ್ಡದಕ್ಕೆ ಕೊಡುವ ಗರಿಷ್ಠ ಮೊತ್ತ. ನೀರು ಕಾಯಿಸುವ ಸೋಲಾರ್‌ಗೆ ಅದು ಸಿಗುವುದಿಲ್ಲ. ಯಾವುದಕ್ಕೆ ಸಬ್ಸಿಡಿ, ಯಾರ ಖಾತೆಗೆ ಎಷ್ಟು ಅಂತ ಬರೆದು ಕೊಡದವರಿಗೆ ಮುಂಗಡ ಕೊಡಬೇಡಿ.