ಲ್ಯಾಪ್‌ಟಾಪ್ ಟರ್ಮಿನಲ್‌ನಿಂದ ಮೇಲ್ ಕಳಿಸೋಕೆ ಪೋಸ್ಟ್‌ಫಿಕ್ಸ್ ಬೇಕೇ ಬೇಕಾ?

ಉಬುಂಟು ಲ್ಯಾಪ್‌ಟಾಪಲ್ಲಿ ರಾತ್ರಿ ಬ್ಯಾಕಪ್ ಸ್ಕ್ರಿಪ್ಟ್ ಓಡತ್ತೆ, ಮುಗಿದ ತಕ್ಷಣ ಜಿಮೇಲ್‌ಗೆ ಒಂದು ಮೇಲ್ ಬರ್ಬೇಕು, ಪೋಸ್ಟ್‌ಫಿಕ್ಸ್ ಅನ್ನೋ ಮೇಲ್ ಸರ್ವರ್ ಪ್ರೋಗ್ರಾಂ ಹಾಕಿದ್ರೂ ಏನೂ ಬರ್ತಿಲ್ಲ ಅಂತ ಕೇಳಿದೀರ. ಬರೋದು ಕಷ್ಟನೇ ಬಿಡಿ. ಇನ್‌ಸ್ಟಾಲ್ ಮಾಡುವಾಗ 'ಇಂಟರ್ನೆಟ್ ಸೈಟ್' ಅಂತ ಸೆಲೆಕ್ಟ್ ಮಾಡಿ ಹಾಕಿದ್ರೆ ಅದು ಸೀದಾ ಗೂಗಲ್ ಸರ್ವರ್‌ನ 25ನೇ ಪೋರ್ಟ್‌ಗೆ ಹೋಗತ್ತೆ, ಮನೆ ಬ್ರಾಡ್‌ಬ್ಯಾಂಡಲ್ಲಿ ಸ್ಪ್ಯಾಮ್ ಕಾಟಕ್ಕೆ ಆ ಪೋರ್ಟನ್ನ ಎಷ್ಟೋ ಕಡೆ ಮುಚ್ಚಿಟ್ಟಿರ್ತಾರೆ, ಮುಚ್ಚಿಲ್ಲ ಅಂದ್ರೂ ಮನೆ ಐಪಿ ಅಂತ ಗೊತ್ತಾದ್ರೆ ಆ ಕಡೆಯವ್ರು ಒಳಗೇ ಬಿಟ್ಕೊಳಲ್ಲ.

ನಿಮಗೆ ಬೇಕಾಗಿರೋದು ಸರ್ವರ್ರೇ ಅಲ್ಲ. ನಿಮ್ಮದೇ ಜಿಮೇಲ್ ಅಕೌಂಟಿಗೆ ಲಾಗಿನ್ ಆಗಿ ಮೇಲ್ ಒಪ್ಪಿಸಿ ಬರೋ ಸಣ್ಣ ಪ್ರೋಗ್ರಾಂ ಸಾಕು, ಅದು ಎಂಎಸ್‌ಎಂಟಿಪಿ. (ಹಳೇ ಉತ್ತರಗಳಲ್ಲಿ ಎಸ್‌ಎಸ್‌ಎಂಟಿಪಿ ಅಂತಿರತ್ತೆ, ಅದನ್ನ ಈಗ ಯಾರೂ ನೋಡ್ಕೊಳ್ತಿಲ್ಲ, ಬೇಡ.) ಜೊತೆಗೆ ಎಂಎಸ್‌ಎಂಟಿಪಿ-ಎಂಟಿಎ ಪ್ಯಾಕೇಜನ್ನೂ ಹಾಕಿ, ಆಗ ಮೇಲ್ ಕಳಿಸೋಕೆ ಸೆಂಡ್‌ಮೇಲ್ ಅನ್ನೋ ಕಮಾಂಡನ್ನ ಕರೆಯೋ ಪ್ರೋಗ್ರಾಂಗಳೂ ಇದರ ಹತ್ರಾನೇ ಬರ್ತವೆ, ಪೋಸ್ಟ್‌ಫಿಕ್ಸನ್ನ ಆಪ್ಟ್ (ಉಬುಂಟುಲಿ ಪ್ಯಾಕೇಜ್ ಹಾಕೋ ಕಮಾಂಡ್) ತಾನೇ ತೆಗೆದು ಹಾಕತ್ತೆ.

ಆಮೇಲೆ ಹೋಮ್ ಫೋಲ್ಡರಲ್ಲಿ ಡಾಟ್ ಎಂಎಸ್‌ಎಂಟಿಪಿಆರ್‌ಸಿ ಅಂತ ಫೈಲ್ ಮಾಡಿ. ಹೋಸ್ಟ್ ಜಾಗಕ್ಕೆ ಎಸ್‌ಎಂಟಿಪಿ ಡಾಟ್ ಜಿಮೇಲ್ ಡಾಟ್ ಕಾಮ್, ಪೋರ್ಟ್ 587, ಆಥ್ ಆನ್, ಟಿಎಲ್‌ಎಸ್ (ಅಂದ್ರೆ ಎನ್‌ಕ್ರಿಪ್ಶನ್) ಆನ್, ಫ್ರಮ್‌ಗೂ ಯೂಸರ್‌ಗೂ ನಿಮ್ಮ ಪೂರ್ತಿ ಅಡ್ರೆಸ್. 587 ಬದಲು 465 ಪೋರ್ಟ್ ಹಾಕೋದಾದ್ರೆ ಸ್ಟಾರ್ಟ್‌ಟಿಎಲ್‌ಎಸ್ ಅನ್ನೋ ಸೆಟ್ಟಿಂಗ್ ಆಫ್ ಮಾಡ್ಲೇಬೇಕು, ಇಲ್ಲಾಂದ್ರೆ ಕಮಾಂಡ್ ಸುಮ್ನೆ ಕಾಯ್ತಾ ಕೂತ್ಬಿಡತ್ತೆ. ಪಾಸ್‌ವರ್ಡ್ ಜಾಗದಲ್ಲಿ ನಿಮ್ಮ ಮಾಮೂಲಿ ಪಾಸ್‌ವರ್ಡ್ ನಡೆಯಲ್ಲ, 2022ರಲ್ಲೇ ಗೂಗಲ್ ಅದನ್ನ ನಿಲ್ಲಿಸ್ತು, 535 ಎರರ್ ಬರ್ತಿದ್ರೆ ಮೊದಲು ಇದನ್ನೇ ನೋಡಿ. ಟೂ-ಸ್ಟೆಪ್ ವೆರಿಫಿಕೇಶನ್ ಆನ್ ಮಾಡಿ 16 ಅಕ್ಷರದ ಆಪ್ ಪಾಸ್‌ವರ್ಡ್ ತಗೊಂಡು, ಮಧ್ಯ ಇರೋ ಸ್ಪೇಸ್ ತೆಗೆದು ಹಾಕಿ. ಫೈಲ್ ಪರ್ಮಿಶನ್ 600 (ನೀವು ಮಾತ್ರ ಓದಿ ಬರೆಯೋ ಹಾಗೆ) ಇರ್ಲಿ, ಬೇರೆಯವ್ರೂ ಓದೋ ಹಾಗಿದ್ರೆ ಎಂಎಸ್‌ಎಂಟಿಪಿ ಕೆಲಸಾನೇ ಮಾಡಲ್ಲ ಅಂತ ಕೂತ್ಕೊಳತ್ತೆ.

ಪಾಸ್‌ವರ್ಡನ್ನ ಜಿಪಿಜಿ ಅನ್ನೋ ಟೂಲಲ್ಲಿ ಎನ್‌ಕ್ರಿಪ್ಟ್ ಮಾಡಿಡಿ ಅಂತಾರೆ, ಒಳ್ಳೇದೇ, ಆದ್ರೆ ರಾತ್ರಿ 2 ಗಂಟೆಗೆ ಕ್ರಾನ್ (ಹೊತ್ತಿಗೆ ಸರಿಯಾಗಿ ಸ್ಕ್ರಿಪ್ಟ್ ಓಡಿಸೋದು) ಓಡ್ತಿರುವಾಗ ಪಾಸ್‌ಫ್ರೇಸ್ ಕೇಳಿದ್ರೆ ಕೊಡೋರ್ಯಾರು? ಡಿಸ್ಕ್ ಎನ್‌ಕ್ರಿಪ್ಟ್ ಆಗಿದ್ರೆ ಫೈಲಲ್ಲೇ ಇಡಿ, ಏನಾದ್ರೂ ಆದ್ರೆ ಆ ಒಂದು ಆಪ್ ಪಾಸ್‌ವರ್ಡ್ ಮಾತ್ರ ರದ್ದು ಮಾಡಬಹುದು. ಹಾಂ, ಸ್ಕ್ರಿಪ್ಟ್ ರೂಟ್ (ಅಡ್ಮಿನ್ ಯೂಸರ್) ಕ್ರಾನ್‌ನಲ್ಲಿದ್ರೆ ಅದು ನಿಮ್ಮ ಹೋಮ್ ಫೋಲ್ಡರ್ ನೋಡಲ್ಲ, ಫೈಲನ್ನ ಇಟಿಸಿ ಫೋಲ್ಡರ್ ಒಳಗೆ ಹೆಸರಿನ ಮುಂದಿನ ಡಾಟ್ ಇಲ್ದೆ ಇಟ್ರೆ ಆಯ್ತು.

ಟೆಸ್ಟ್ ಮಾಡುವಾಗ ಪ್ರಿಂಟ್‌ಎಫ್‌ನಿಂದ ಸಬ್ಜೆಕ್ಟ್ ಲೈನು, ಅದರ ಕೆಳಗೆ ಒಂದು ಖಾಲಿ ಲೈನು, ಆಮೇಲೆ ವಿಷಯ ಬರೆದು ಎಂಎಸ್‌ಎಂಟಿಪಿಗೆ ಪೈಪ್ ಮಾಡಿ. ಆ ಖಾಲಿ ಲೈನ್ ಬಿಟ್ರೆ ನೀವು ಬರೆದಿದ್ದು ಹೆಡರ್ ಜೊತೆ ಸೇರ್ಕೊಂಡು ಕೆಟ್ಟೋಗತ್ತೆ, ಎಂಎಸ್‌ಎಂಟಿಪಿ ಆ ಲೈನನ್ನ ತಾನಾಗೇ ಸೇರಿಸಿ ಕೊಡಲ್ಲ. ಕನ್ನಡದಲ್ಲಿ ಬರೀತೀರಾದ್ರೆ ಕಂಟೆಂಟ್-ಟೈಪ್ ಹೆಡರಲ್ಲಿ ಯುಟಿಎಫ್-8 ಅಂತ ಹೇಳ್ಬೇಕು, ಸಬ್ಜೆಕ್ಟೂ ಕನ್ನಡ ಆಗ್ಬೇಕಂದ್ರೆ ಅದನ್ನೂ ಎನ್‌ಕೋಡ್ ಮಾಡ್ಬೇಕು, ಅಷ್ಟೆಲ್ಲ ತಲೆನೋವು ಯಾಕೆ, ಮಟ್ ಅನ್ನೋ ಟರ್ಮಿನಲ್ ಮೇಲ್ ಪ್ರೋಗ್ರಾಂ ಹಾಕ್ಕೊಳ್ಳಿ ಅದೇ ನೋಡ್ಕೊಳತ್ತೆ.

ಇನ್ನೊಂದು, ಆ ಹೊತ್ತಿಗೆ ನೆಟ್ ಇಲ್ಲಾಂದ್ರೆ ಎಂಎಸ್‌ಎಂಟಿಪಿ ಮೇಲನ್ನ ಇಟ್ಕೊಂಡು ಆಮೇಲೆ ಕಳಿಸಲ್ಲ, ಎರರ್ ಕೊಟ್ಟು ಸುಮ್ನಾಗತ್ತೆ. ಹಾಗೆ ಇಟ್ಕೊಂಡು ಕಳಿಸೋ ಕ್ಯೂ ಬೇಕಂದ್ರೆ ಅದರ ಜೊತೆಗೇ ಬರೋ ಎಂಎಸ್‌ಎಂಟಿಪಿಕ್ಯೂ ಸ್ಕ್ರಿಪ್ಟ್ ಇದೆ, ಬ್ಯಾಕಪ್ ಮೆಸೇಜಿಗೆ ಅದೆಲ್ಲ ಯಾಕೆ, ಲಾಗ್‌ಫೈಲ್ ಒಂದು ಆನ್ ಮಾಡ್ಕೊಳ್ಳಿ, ಮೇಲ್ ಬರದೇ ಇರೋ ದಿನ ಅದನ್ನ ತೆಗೆದು ನೋಡಿದ್ರಾಯ್ತು.